ಕಿವಿಯ ಮೇಲಿನ ಕೈ

ಕೆನ್ನೆಯ ಮೇಲ್ಭಾಗ ಬೋಳಿಸಿಕೊಳ್ಳಲೆಂದು ಎಡ ಅಂಗೈಯಿಂದ ಕಿವಿ ಮುಚ್ಚಿ ಹಿಂದಕ್ಕೆ ಒತ್ತಿಕೊಂಡಿದ್ದ ಶ್ರೀಮಂತ, ಕನ್ನಡಿಯಲ್ಲಿ ತನ್ನನ್ನು ತಾನು ಹಾಗೆ ನೋಡಿದ್ದೇ ರೇಜರನ್ನು ತಂಬಿಗೆಯ ನೀರಿಗೆ ಬಿಟ್ಟುಬಿಟ್ಟ. ಕಿವಿಯ ಮೇಲೊಂದು ಕೈ, ಪಕ್ಕದಲ್ಲಿ ಬಾಯಿ ಬಾರದ ಒಂದು ಮುಖ. ಇಂಥ ನಲವತ್ತೊಂದು ಚಿತ್ರಗಳನ್ನು ಅವನು ತನ್ನ ಕೈಯಾರೆ ಗೋಂದು ಹಚ್ಚಿ ಕಡತಗಳಿಗೆ ಅಂಟಿಸಿದ್ದ. ಇದು ನಲವತ್ತೆರಡನೆಯದು. ಒಲೆಯ ಮುಂದಿದ್ದ ಹೆಂಡತಿ ರೇವತಿ ತಿರುಗಿ ನೋಡಿ, “ಕಿವಿ ನೋಯಾಕತ್ತದೇನ್ರಿ? ಎಣ್ಣಿ ಬಿಡ್ಲೇನು?” ಎಂದಳು. ಇಲ್ಲ ಎಂದ. ಮತ್ತೆ ಕನ್ನಡಿ ನೋಡಿದರೆ ಕೈ ಇನ್ನೂ ಕಿವಿಯ ಮೇಲೇ ಇತ್ತು. ಅದನ್ನು ಕೆಳಗಿಳಿಸಲು ಅವನು ಅದಕ್ಕೆ ಹೇಳಬೇಕಾಯಿತು. ಇವತ್ತು ಮೂವತ್ತನೆಯ ದಿನ. ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾನೂನಿದೆ. ಉತ್ತರ ಬರೆದು ಟೈಪಾಗಿ ಅವನ ಚೀಲದಲ್ಲಿತ್ತು, ಸಹಿ ಒಂದು ಬಾಕಿ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅವನಿಗೆ ಸಹಿ ಮಾಡಲಾಗದಿದ್ದುದೂ ಅದಕ್ಕೇ. ಅರ್ಧ ಗಡ್ಡ ಬೋಳಿಸಿ ಅರ್ಧ ಹಾಗೇ ಬಿಟ್ಟು ಎದ್ದವನನ್ನು ರೇವತಿ ತೋಳು ಹಿಡಿದು ಮತ್ತೆ ಕೂಡಿಸಿದಳು.

ಸುರಪುರದಿಂದ ಶಹಾಪುರಕ್ಕೆ ಅವನು ದಿನಾ ಹೋಗುವುದು ಕೊಡೇಕಲ್ಲಿನಿಂದ ಬರುವ ಬಸ್ಸಿನಲ್ಲಿ. ಅದರಲ್ಲಿ ಯಾವಾಗಲೂ ದೇವರು ಮಾಡಿಕೊಂಡು ಬಂದವರು ತೆಂಗಿನಹೋಳಿನ ಚೀಲ ಕಾಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಇವತ್ತು ಪಕ್ಕದಲ್ಲಿದ್ದ ಮುದುಕನೊಬ್ಬ ಅವನ ಇಸ್ತ್ರಿ ಅಂಗಿ ನೋಡಿ, “ಏನ್ ನೌಕರಿ ಮಾಡ್ತೀರಿ?” ಎಂದು ಕೇಳಿದ. ಮಾಹಿತಿ ಅಧಿಕಾರಿ ಎಂದ ಶ್ರೀಮಂತ. “ಅಂದ್ರ?” “ಜನ ಕೇಳಿದ್ದು ಕೊಡೋದ್ರಿ. ದಫ್ತರದಾಗ ಇರೋ ಕಾಗದ.” “ಇರಲಾರದ್ದು ಕೇಳಿದ್ರ?” “ಇಲ್ಲ ಅಂತ ಬರದು ಕೊಡ್ತೀವಿ.” ಮುದುಕ ಸ್ವಲ್ಪ ಹೊತ್ತು ಹೊರಗಿನ ಕಾಲುವೆ ನೀರನ್ನೂ ಭತ್ತದ ಗದ್ದೆಯನ್ನೂ ನೋಡಿದ. “ಇದ್ರ ಕೊಡೋದು, ಇಲ್ಲಂದ್ರ ಇಲ್ಲ ಅನ್ನೋದು. ನಮ್ಮನಿ ಮುದುಕಿನೂ ಅದನ್ನ ಮಾಡ್ತಾಳ್ರಿ, ಆಕಿಗಿ ಪಗಾರಿಲ್ಲ,” ಎಂದ. ಮುಂದಿನ ಸೀಟಿನವರು ನಕ್ಕರು. ಶ್ರೀಮಂತನೂ ನಕ್ಕ, ಯಾಕೆಂದರೆ ನಗದಿದ್ದರೆ ಇನ್ನೂ ಅವಮಾನ. ಈ ಹುದ್ದೆ ಅವನ ತಲೆಗೆ ಕಟ್ಟಿದ ದಿನ ಅವನು ಕಚೇರಿಗೆಲ್ಲ ಪೇಡೆ ಹಂಚಿದ್ದ. ಬಾಗಿಲ ಪಕ್ಕ ಹಸಿರು ಫಲಕದಲ್ಲಿ ತನ್ನ ಹೆಸರು ಬರೆಯುತ್ತಿದ್ದ ಪೇಂಟರನ ಹಿಂದೆ ಅರ್ಧ ದಿನ ನಿಂತಿದ್ದ. ಉಳಿದವರೆಲ್ಲ ಪೇಡೆ ತಿಂದು ಕೈ ಒರೆಸಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ಯಾಕೆ ನೋಡಿಕೊಂಡರೆಂದು ಅರ್ಥವಾಗಲು ಆರು ತಿಂಗಳು ಹಿಡಿಯಿತು. ಬಸ್ಸು ಒಂದು ಹತ್ತಿ ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನವಾಯಿತು. ಲಾರಿಯಿಂದ ಹತ್ತಿಯ ಎಳೆಗಳು ಹಾರಿ ಬಂದು ಕಿಟಕಿಯ ಸರಳಿಗೆ ಅಂಟಿಕೊಂಡವು, ಬಿಳಿ, ಉಣ್ಣೆಯಷ್ಟು ಬಿಳಿ, ಮತ್ತು ಕಡತದ ಫೋಟೋಗಳಲ್ಲಿದ್ದ ಆ ಸತ್ತ ಕುರಿಯ ಹೊಟ್ಟೆ ಅಷ್ಟೇ ಬಿಳಿ ಇತ್ತು, ಬೆನ್ನು ಮಾತ್ರ ಕಂದು.

ಗೋಗಿಯ ಆಚೆ, ಟಂಟಂ ಆಟೋ ಹೋಗುವ ಕೊನೆಯ ಊರು ಆ ಕುರಿಯದು. ಎರಡು ಮಳೆಗಾಲದ ಹಿಂದೆ ಅಲ್ಲಿ ನೀಲಿನಾಲಿಗೆ ರೋಗ ಬಂದು ಕುರಿಗಳು ನಿಂತಲ್ಲೇ ಬಿದ್ದು ಸತ್ತವು. ಸತ್ತ ಕುರಿಗೆ ಬದಲು ಒಂದು ಹೆಣ್ಣುಮರಿ ಕೊಡುವುದು ಶ್ರೀಮಂತನಿದ್ದ ಬದಲಿ ಕುರಿ ಘಟಕದ ಕೆಲಸ. ನಿಯಮ ಸರಳವಾಗಿತ್ತು: ಸತ್ತ ಕುರಿ, ಅದರ ಮಾಲೀಕ, ಹಗಲಿನ ಬೆಳಕು, ಮೂರೂ ಒಂದೇ ಫೋಟೋದಲ್ಲಿರಬೇಕು. ಆದರೆ ಘಟಕದ ಜೀಪಿಗೆ ಡೀಸೆಲ್ ಸಿಕ್ಕಿದ್ದು ಏಳನೆಯ ದಿನ. ಅಷ್ಟರಲ್ಲಿ ಊರಿನವರು ನಾರುವ ಕುರಿಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಹೂತಿದ್ದರು. ನಲವತ್ತೊಂದು ಮನೆಯವರು ಅರ್ಜಿ ಹಿಡಿದು ನಿಂತಿದ್ದರು, ಕುರಿ ಒಂದೂ ಇರಲಿಲ್ಲ. ಅಲ್ಲ, ಒಂದಿತ್ತು. ಬೀರಣ್ಣನ ಕುರಿ ಅವತ್ತು ಬೆಳಿಗ್ಗೆಯೇ ಸತ್ತಿತ್ತು. ಎಲ್ಲರೂ ಖರೇವಾಗಿಯೇ ಕಳೆದುಕೊಂಡವರೆಂದು ಶ್ರೀಮಂತನಿಗೆ ಗೊತ್ತಿತ್ತು, ಸುಣ್ಣದ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು. “ಇದೇ ಕುರಿ ಹಿಡಕೊಂಡು ಒಬ್ಬೊಬ್ಬರ ನಿಂದರ್ರಿ,” ಎಂದು ಅವನೇ ಹೇಳಿದ. ಅದು ದಯೆ ಎಂದು ಅವನು ಆಗ ಅಂದುಕೊಂಡ. ಸಂಜೆ ಸುರಪುರದ ಬಸ್ಸು ಹಿಡಿಯುವ ಅವಸರವೂ ಸ್ವಲ್ಪ ಇತ್ತು ಎಂದು ಈಗ ಅನಿಸುತ್ತದೆ. ತೊಂದರೆ ಹೇಳಿದವನು ಬೀರಣ್ಣನೇ. ಆ ಕಡೆ ಒಂದೊಂದು ಮನೆಯವರೂ ಮರಿಗಳ ಕಿವಿಯನ್ನು ಒಂದೊಂದು ಥರ ಕತ್ತರಿಸಿ ಗುರುತು ಮಾಡುತ್ತಾರೆ. ಬೀರಣ್ಣನ ಮನೆಯ ಗುರುತು ಎಡಗಿವಿಯ ತುದಿ ಸೀಳಿ ಕೆಳಗೊಂದು ಕಚ್ಚು. “ಸಾಹೇಬ್ರ, ಕಿವಿ ಕಂಡ್ರ ಕುರಿ ಕಾಯೋ ಹುಡುಗುರೂ ಇದು ನನ್ನ ಕುರಿ ಅಂತಾವು. ಕಿವಿ ಮುಚ್ಚಿ ಹಿಡೀತೀನಿ, ತಗೀರಿ,” ಎಂದು ಅವನು ಕುರಿಯ ಹಿಂದೆ ಮಂಡಿಯೂರಿ, ತಲೆ ಎತ್ತಿ ನಿಲ್ಲಿಸಿ, ಕಿವಿಯ ಮೇಲೆ ಅಂಗೈ ಇಟ್ಟ. ನೀನು ಮಾತ್ರ ಫೋಟೋದಾಗ ಬರಬ್ಯಾಡ ಎಂದ ಶ್ರೀಮಂತ. ಬೀರಣ್ಣ ಬರಲಿಲ್ಲ. ಕೈ ಮಾತ್ರ ಬಂತು, ನಲವತ್ತೊಂದು ಸಲ. ಒಂದು ಸಲ ಮಾತ್ರ ಅವನು ಪೂರ್ತಿ ಬಂದುಬಿಟ್ಟ, ಇಪ್ಪತ್ಮೂರನೆಯದರಲ್ಲಿ. ಎಲ್ಲರದೂ ಮುಗಿದು, ಕೊನೆಗೆ ಕುರಿಯ ನಿಜವಾದ ಮಾಲೀಕನ ಸರದಿ ಬಂದಾಗ ಶ್ರೀಮಂತನ ಫೋನಿನ ಚಾರ್ಜು ಮುಗಿಯಿತು, ಊರಲ್ಲಿ ಕರೆಂಟಿರಲಿಲ್ಲ. ನಿನ್ನದು ನಾಳಿ, ನಿನ್ನದೇನು ಪಕ್ಕಾ ಕೇಸು, ಎಂದು ಬೀರಣ್ಣನ ಭುಜ ತಟ್ಟಿ ಜೀಪು ಹತ್ತಿದ. ನಾಳೆ ಯಾದಗಿರಿಯಲ್ಲಿ ಮೀಟಿಂಗು ಬಂತು, ನಾಡಿದ್ದು ಕುರಿಯನ್ನು ಹೂತರು. ತಿಂಗಳಾದ ಮೇಲೆ ನಲವತ್ತೊಂದು ಮರಿ ಬಂದವು. ಬೀರಣ್ಣನ ಕಡತದ ಮೇಲೆ ‘ಫೋಟೋ ಲಗತ್ತಿಸಿಲ್ಲ, ತಿರಸ್ಕರಿಸಿದೆ’ ಎಂದು ಶ್ರೀಮಂತನೇ ತನ್ನ ದುಂಡಕ್ಷರದಲ್ಲಿ ಬರೆದ.

ಶಹಾಪುರ ಬಂತು. ಅಂಗಾತ ಮಲಗಿದ ಬುದ್ಧನೆಂದು ಜನ ಹೇಳುವ ಬೆಟ್ಟ ದಿನದ ಹಾಗೇ ಮಲಗಿತ್ತು. ಅದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ ಎಂದುಕೊಳ್ಳುತ್ತ ಶ್ರೀಮಂತ ಕಚೇರಿಯ ಮೆಟ್ಟಿಲು ಹತ್ತಿದ. ಅವನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಪ್ರಶಂಸಾ ಪತ್ರ ತೂಗುತ್ತಿತ್ತು. ಅದು ಬಂದ ಕಥೆ ನೆನೆದರೆ ಅವನಿಗೆ ಇವತ್ತಿಗೂ ನಗಬೇಕೋ ಎದ್ದು ಓಡಬೇಕೋ ತಿಳಿಯುವುದಿಲ್ಲ. ನಲವತ್ತೊಂದು ಕಡತಗಳು ಪರಿಶೀಲನೆಗೆ ಮೇಲಕ್ಕೆ ಹೋದಾಗ ಅವನು ಹದಿನೈದು ದಿನ ಊಟ ಬಿಟ್ಟಿದ್ದ. ಮೇಲಿನವರಿಗೆ ಎಲ್ಲ ಫೋಟೋಗಳಲ್ಲೂ ಒಂದೇ ಕುರಿ ಎಂದು ತಿಳಿಯಲಿಲ್ಲ. ಅವರ ಕಣ್ಣಿಗೆ ಎಲ್ಲ ಕುರಿಯೂ ಒಂದೇ. ಕಂಡದ್ದು ಕಿವಿಯ ಮೇಲಿನ ಕೈ. ಪ್ರತಿಯೊಂದರಲ್ಲೂ ಅಷ್ಟು ಶಿಸ್ತಾಗಿ ಕೈಯಿಟ್ಟಿರುವುದನ್ನು ಕಂಡು ಅವರು ಬಹಳ ಮೆಚ್ಚಿ, ಇನ್ನು ಮುಂದೆ ಜಿಲ್ಲೆಯಾದ್ಯಂತ ಸತ್ತ ಕುರಿಯ ಫೋಟೋ ತೆಗೆಯುವಾಗ ಒಬ್ಬ ವ್ಯಕ್ತಿ ಕಡ್ಡಾಯವಾಗಿ ಕುರಿಯ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿರತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದರು. ಅದಕ್ಕೆ ಶಹಾಪುರ ಮಾದರಿ ಎಂದು ಹೆಸರಾಯಿತು, ಶ್ರೀಮಂತನಿಗೆ ಪ್ರಶಂಸಾ ಪತ್ರ ಬಂತು. ಯಾಕೆ ಮುಚ್ಚಬೇಕೆಂದು ಯಾರೂ ಕೇಳಲಿಲ್ಲ. ಒಂದೇ ಒಂದು ಊರಿನಿಂದ, ಕುರಿಗೆ ಎಡಗಿವಿಯೇ ಇಲ್ಲದಿದ್ದರೆ ಏನು ಮಾಡುವುದೆಂದು ಸ್ಪಷ್ಟೀಕರಣ ಕೇಳಿ ಪತ್ರ ಬಂದಿತ್ತು; ಬಲಗಿವಿ ಎಂದು ಶ್ರೀಮಂತನೇ ಉತ್ತರ ಬರೆದ. ಬೀರಣ್ಣ ಒಂದು ಸಲ ಕಚೇರಿಗೆ ಬಂದಿದ್ದ. ಬಾಗಿಲಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತು, ಗೋಡೆಯ ಚೌಕಟ್ಟು ನೋಡಿ, ಅದೇನೆಂದು ಯಾರನ್ನೋ ಕೇಳಿ ತಿಳಿದುಕೊಂಡು, “ನಂದೇನಾತ್ರಿ ಸಾಹೇಬ್ರ?” ಎಂದು ಕೇಳಿದ. ನೋಡೋಣ, ಮೇಲಿಂದ ಬರಬೇಕು, ಎಂದ ಶ್ರೀಮಂತ. ಬೀರಣ್ಣ ಹೋದ. ಹೋದ ಬೇಸಿಗೆಯಲ್ಲಿ ಅವನು ಕುರಿಯ ಹಿಂದೆ ಬಿಸಿಲಲ್ಲಿ ನಡೆಯುತ್ತಲೇ ಬಿದ್ದು ಸತ್ತನೆಂದು ಶ್ರೀಮಂತನಿಗೆ ತಿಳಿದದ್ದು ಈ ಅರ್ಜಿಯಿಂದ.

ಅರ್ಜಿ ಬರೆದವಳು ಮಗಳು ಭಾರತಿ, ಹೆಬ್ಬೆಟ್ಟು ಒತ್ತಿದವಳು ತಾಯಿ ಶಂಕ್ರಮ್ಮ. ‘ನನ್ನ ಗಂಡ ಬೀರಣ್ಣ ಇವರು ನಿಮ್ಮ ಘಟಕದವರು ತೆಗೆದ ಫೋಟೋದಲ್ಲಿ ನಕ್ಕಿದ್ದೇನೆಂದು ಮನೆಯಲ್ಲಿ ಹೇಳಿರುತ್ತಾರೆ. ಇವರ ಬೇರೆ ಫೋಟೋ ನಮ್ಮಲ್ಲಿ ಇರುವುದಿಲ್ಲ. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಲು ಹೋದರೆ ಇದು ಮನುಷ್ಯನೋ ಗೋಡೆಯೋ ಎಂದು ಫೋಟೋದವನು ಕೇಳಿದ್ದಾನೆ. ಕಾರಣ ನನ್ನ ಗಂಡನು ಸತ್ತ ಕುರಿಯ ಸಂಗಡ ಇರುವ ಸದರಿ ಫೋಟೋದ ದೃಢೀಕೃತ ಪ್ರತಿ ಕೊಡಬೇಕು.’ ಮೂವತ್ತು ದಿನದಲ್ಲಿ ಶ್ರೀಮಂತ ಇದನ್ನು ಎಷ್ಟು ಸಲ ಓದಿದ್ದನೆಂದರೆ ಕಾಗದದ ಮಡಿಕೆಗಳು ಹರಿಯತೊಡಗಿದ್ದವು. ಫೋಟೋ ತೆಗೆದ ಫೋನು ಎಂದೋ ಕಾಲುವೆಗೆ ಬಿದ್ದು ಹೋಗಿತ್ತು. ಅದು ನಿಜವಾಗಿಯೂ ಬಿದ್ದು ಹೋಗಿತ್ತು, ಆದರೆ ಹಾಗೆಂದು ಹೇಳಿದರೆ ತನ್ನ ತಾಯಿಯೂ ನಂಬುವುದಿಲ್ಲ. ಉಳಿದದ್ದು ಕಡತದಲ್ಲಿ ಅಂಟಿಸಿದ ಪ್ರತಿಗಳು. ಬೀರಣ್ಣ ನಕ್ಕ ಆ ಇಪ್ಪತ್ಮೂರನೆಯ ಫೋಟೋ ಇದ್ದದ್ದು ಮುದುಕಮ್ಮ ಎಂಬ ಮುದುಕಿಯ ಕಡತದಲ್ಲಿ. ಅದನ್ನು ಕೊಟ್ಟರೆ, ಮುದುಕಮ್ಮನ ಕುರಿಯನ್ನು ಬೀರಣ್ಣ ಯಾಕೆ ಹಿಡಿದಿದ್ದಾನೆ ಎಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಉಳಿದ ನಲವತ್ತನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ಊರಿನ ಮರಿಗಳು ಹೋಗುತ್ತವೆ, ಅವು ಈಗ ಮರಿಗಳೂ ಅಲ್ಲ, ಈದು ಮರಿ ಹಾಕಿರುವ ಕುರಿಗಳು. ಶ್ರೀಮಂತನ ನೌಕರಿಯೂ ಹೋಗುತ್ತದೆ. ಕೊಡದಿದ್ದರೆ ಒಬ್ಬ ಹೆಂಗಸಿಗೆ ಗಂಡನ ಮುಖ ಇರುವುದಿಲ್ಲ, ಅಷ್ಟೆ. ಅಷ್ಟೆ ಎಂದುಕೊಂಡ ಪ್ರತಿ ಸಲವೂ ಅವನಿಗೆ ತನ್ನ ಬಗ್ಗೆ ಅಸಹ್ಯವಾಗುತ್ತಿತ್ತು.

“ಅಂವನ ಕಡತದಾಗ ಫೋಟೋ ಐತೇನು?” ಎಂದು ನಿನ್ನೆ ಮೇಲಧಿಕಾರಿ ಬಸವಂತ್ರಾಯರು ಕೇಳಿದ್ದರು. ಇಲ್ರಿ ಎಂದ ಶ್ರೀಮಂತ. “ಮತ್ತ? ಇಲ್ಲ ಅಂತ ಬರಿ. ನಾ ಏನ್ ಸುಳ್ಳ ಬರಿ ಅನ್ನಾಕತ್ತೇನೇನು? ಖರೇ ಬರಿ ಅನ್ನಾಕತ್ತೇನಿ.” “ಬ್ಯಾರೆ ಕಡತದಾಗ ಐತ್ರಿ ಸರ್.” “ಆಕಿ ಬ್ಯಾರೆ ಕಡತ ಕೇಳ್ಯಾಳೇನು? ಆಕಿ ಗಂಡಂದು ಕೇಳ್ಯಾಳ. ಗಂಡನ ಕಡತದಾಗ ಇಲ್ಲ. ಖರೇ ಹೇಳಾಕ ಯಾಕ ಅಂಜತೀ ಶ್ರೀಮಂತ?” ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸತ್ಯ ಬರೆಯೆಂದು ಅವನಿಗೆ ಯಾರೂ ಇಷ್ಟು ಒತ್ತಾಯ ಮಾಡಿರಲಿಲ್ಲ. ಬಸವಂತ್ರಾಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಸ್ವಲ್ಪ ಮೆತ್ತಗಾಗಿ, “ನಂಗೂ ಹೆಂಡ್ತಿ ಮಕ್ಕಳದಾರೋ. ಐದು ತಿಂಗಳಿಗಿ ರಿಟೈರ್ಡ್ ಆಗಾಂವ ನಾ,” ಎಂದರು. ಇವತ್ತು ಅವರು ಮೀಟಿಂಗೆಂದು ಯಾದಗಿರಿಗೆ ಹೋಗಿದ್ದರು. ಮೂವತ್ತನೆಯ ದಿನಗಳಲ್ಲಿ ಅವರಿಗೆ ಯಾವಾಗಲೂ ಮೀಟಿಂಗಿರುತ್ತದೆ.

ಈ ಮೂವತ್ತು ದಿನದಲ್ಲಿ ಶ್ರೀಮಂತ ಏನೂ ಮಾಡಿರಲಿಲ್ಲ ಎನ್ನುವಂತಿಲ್ಲ. ಬೇರೆಯವರ ಸಂಗತಿ ಕೊಡುವ ಮುಂಚೆ ಅವರನ್ನು ಕೇಳಬೇಕೆಂದು ಕಾನೂನಿನಲ್ಲಿದೆಯಲ್ಲ, ಅದರಂತೆ ಮುದುಕಮ್ಮನಿಗೆ ನೋಟೀಸು ಕಳಿಸಿದ್ದ: ಸತ್ತ ಕುರಿಯ ಸಂಗಡ ತಾವು ಇರುವ ಭಾವಚಿತ್ರ ಬಹಿರಂಗವಾದಲ್ಲಿ ತಮ್ಮ ಆಕ್ಷೇಪಣೆ ಏನಾದರೂ ಇದೆಯೇ? ಐದನೆಯ ದಿನ ಮುದುಕಮ್ಮ ಕುರಿಯನ್ನೇ ಹಗ್ಗದಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಟಂಟಂ ಆಟೋದವನು ಕುರಿಗೂ ಸೀಟಿನ ಬಾಡಿಗೆ ಕೇಳಿದನೆಂದು ಬೈಯುತ್ತಲೇ ಬಂದಳು. ನೋಟೀಸು ಎಂದರೆ ಕೊಟ್ಟದ್ದನ್ನು ವಾಪಸು ಕೇಳುವುದು ಎಂದೇ ಅವಳು ತಿಳಿದಿದ್ದಳು. “ತಗೋರಿ, ಒಯ್ರಿ. ಆದ್ರ ಗಬ್ಬ ಐತಿ, ನೀರು ನೆಳ್ಳು ನೋಡಕೋರಿ,” ಎಂದು ಹಗ್ಗವನ್ನು ಮೇಜಿನ ಕಾಲಿಗೆ ಕಟ್ಟಿದಳು. ಅದಲ್ಲ ಎಂದು ಬಿಡಿಸಿ ಹೇಳಲು ಅವನಿಗೆ ಅರ್ಧ ಗಂಟೆ ಬೇಕಾಯಿತು, ಅಷ್ಟರಲ್ಲಿ ಕುರಿ ಆವಕ ಪತ್ರಗಳ ತಟ್ಟೆಗೆ ಬಾಯಿ ಹಾಕಿ ಎರಡು ಕಾಗದ ತಿಂದಿತು. ಅವು ಯಾವುವೆಂದು ಇನ್ನೂ ಗೊತ್ತಾಗಿಲ್ಲ. ಎಲ್ಲ ಕೇಳಿಸಿಕೊಂಡು ಮುದುಕಮ್ಮ, “ಬೀರ್ಯಾನ ಮಾರಿ ಆಕಿಗಿ ಕೊಡ್ರಿ, ಅದಕ್ಕ ನನ್ನ ಯಾಕ ಕೇಳ್ತೀರಿ? ಫೋಟೋದಾಗ ಕುರಿ ಒಂದ ಇತ್ತು, ಸತ್ತದ್ದು ಎಲ್ಲಾರ್ದೂ ಖರೇ,” ಎಂದಳು. ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ತಿರುಗಿ, “ಊರಾಗ ಎಲ್ಲಾರಿಗೂ ಗೊತ್ತದನ, ನೀವ್ಯಾಕ ಇಷ್ಟ ಮುಚ್ಚಿ ಇಟ್ಟೀರಿ?” ಎಂದು ಕೇಳಿದಳು. ಒಂದು ಊರಿಗೆ ಊರೇ ತಿಳಿದ ಮಾಹಿತಿಯನ್ನು ಗುಟ್ಟಾಗಿ ಇಟ್ಟುಕೊಂಡವನು ಮಾಹಿತಿ ಅಧಿಕಾರಿಯೊಬ್ಬನೇ ಎಂದು ಅವನಿಗೆ ಅವತ್ತು ಹೊಳೆಯಿತು.

ಹನ್ನೊಂದು ಗಂಟೆಗೆ ಅವನು ಚೀಲದಿಂದ ಉತ್ತರ ತೆಗೆದು ಮೇಜಿನ ಮೇಲಿಟ್ಟ. ‘ತಾವು ಕೋರಿದ ಮಾಹಿತಿಯು ತಮ್ಮ ಪತಿಯವರ ಕಡತದಲ್ಲಿ ಲಭ್ಯವಿರುವುದಿಲ್ಲ.’ ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ನಲವತ್ತೈದರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಕಾಲೇಜಿನ ಬ್ಯಾಗು ಎದೆಗವಚಿಕೊಂಡ ಹುಡುಗಿ. ಬೀರಣ್ಣ ನಿಂತಿದ್ದ ಜಾಗದಲ್ಲೇ ನಿಂತಿದ್ದರು. ಯಾರೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಹುಡುಗಿ ಗೋಡೆಯ ಚೌಕಟ್ಟನ್ನು ಓದುತ್ತಿದ್ದಳು, ತುಟಿ ಅಲ್ಲಾಡಿಸದೆ, ಬೇಗ ಬೇಗ.

“ಇವತ್ತಿಗಿ ಮೂವತ್ತು ದಿನ ಆತ್ರಿ,” ಎಂದಳು ಶಂಕ್ರಮ್ಮ. “ಪೋಸ್ಟಿನಾಗ ಬಂದ್ರ ಮಡಚ್ತಾರ, ಮುಖದ ಮ್ಯಾಲ ಗೀರು ಬೀಳ್ತದ ಅಂತ ನಾವ ಬಂದೀವಿ.”

ಅವಳ ಕೈಯಲ್ಲಿ ಎರಡು ರಟ್ಟಿನ ತುಂಡುಗಳಿದ್ದವು, ಯಾವುದೋ ಸೀರೆಯ ಡಬ್ಬಿಯಿಂದ ಕತ್ತರಿಸಿದ್ದು. ನಡುವೆ ಫೋಟೋ ಇಟ್ಟು ಕಟ್ಟಿಕೊಂಡು ಹೋಗಲು ಒಂದು ದಾರವೂ ಇತ್ತು. ಶ್ರೀಮಂತ ಟೈಪಾದ ಉತ್ತರದ ಮೇಲೆ ಅಂಗೈ ಇಟ್ಟ. ಅದು ಮುಚ್ಚುವ ಹಾಗೆ ಇಟ್ಟ ಕೈ ಎಂದು ಅವನಿಗೇ ತಿಳಿಯಿತು. ಈ ರಟ್ಟು ಅವಳು ತರದಿದ್ದರೆ ತಾನು ಸಹಿ ಮಾಡಿ ಕೊಟ್ಟೇಬಿಡುತ್ತಿದ್ದೆ ಎಂದು ಅವನು ಆಮೇಲೆ ಎಷ್ಟೋ ದಿನ ಅಂದುಕೊಂಡ. ಕೂಡ್ರಿ ಎಂದ. ಅವರು ಕೂಡಲಿಲ್ಲ. ಎದ್ದು ಹೋಗಿ ಬೀರುವಿನಿಂದ ಮುದುಕಮ್ಮನ ಕಡತ ತೆಗೆದ. ಕೊಡಬಾರದ ಭಾಗವನ್ನು ಮುಚ್ಚಿ ಕೊಡಬಹುದಾದ ಭಾಗವನ್ನಷ್ಟೇ ಕೊಡಬಹುದೆಂದು ಕಾನೂನಿನ ಹತ್ತನೆಯ ಕಲಮಿನಲ್ಲಿದೆ. ಮೂರು ವಾರದಿಂದ ಆ ಕಲಮು ಅವನ ತಲೆಯಲ್ಲಿ ಸುತ್ತುತ್ತಿತ್ತು, ಧೈರ್ಯ ಮಾತ್ರ ಇರಲಿಲ್ಲ. ಈಗಲೂ ಇರಲಿಲ್ಲ, ಆದರೆ ಕೈಗಳು ಕೆಲಸ ಮಾಡತೊಡಗಿದ್ದವು. ಬಿಳಿ ಹಾಳೆಯನ್ನು ಕತ್ತರಿಸಿ ಮುದುಕಮ್ಮನ ಮೇಲೊಂದು ತುಂಡು, ಕುರಿಯ ಮೇಲೊಂದು ತುಂಡು ಇಟ್ಟು, ಜೆರಾಕ್ಸ್ ಯಂತ್ರದ ಮುಚ್ಚಳ ಹಾಕಿದ. ಯಂತ್ರ ಗೊರಗೊರ ಎಂದು ಒಂದು ಹಾಳೆ ಉಗುಳಿತು. ಎಡಕ್ಕೊಂದು ಕಪ್ಪು ಗೀರು, ಸುತ್ತ ಬಿಳಿ, ನಡುವೆ ಬೀರಣ್ಣ. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಬಲಗೈ ಮುಂದಕ್ಕೆ ಚಾಚಿ ಖಾಲಿ ಜಾಗಕ್ಕೆ ಹೋಗಿ ಕಡಿದುಹೋಗಿತ್ತು.

ಶಂಕ್ರಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿದಳು. ಮಗಳು ಅವಳ ಬೆನ್ನ ಮೇಲೆ ಕೈ ಇಟ್ಟಳು.

“ಕುರಿ ಎಲ್ಲದ್ರಿ?” ಎಂದು ತಾಯಿ ಕೇಳಿದಳು.

“ಅದು ಬ್ಯಾರೆಯವರ ದಾಖಲೆದಾಗ ಬರ್ತದಮ್ಮ. ಮುಖ ಬೇಕಂದಿದ್ದಿರಿ, ಮುಖ ಬಂದದಲ್ಲ?”

“ನನ್ನ ಮದಿವ್ಯಾಗಿ ಇಪ್ಪತ್ತಾರು ವರ್ಷ. ಕುರಿ ಬಿಟ್ಟು ಅಂವನ್ನ ನಾ ಒಂದ ದಿನಾ ನೋಡಿಲ್ಲ,” ಎಂದಳು ಶಂಕ್ರಮ್ಮ. “ಮದಿವಿ ದಿನಾನೂ ಹಂದರದಾಗ ಬಂದು ಕುಂತಾಗ ಮೈಯೆಲ್ಲ ಕುರಿ ವಾಸನಿ. ಇದ್ಯಾರೋ ದಿಕ್ಕಿಲ್ಲದಾಂವ ಕಂಡಂಗ ಕಾಣ್ತಾನ. ಕುರಿ ಹಾಕಿ ಕೊಡ್ರಿ. ಅದು ನಮ್ಮ ಕುರಿನ ಐತಿ, ಬ್ಯಾರೆಯವರದ ಅಲ್ಲ. ಊರವರ ಮರಿ ತಿರುಗಿ ಕೇಳಾಕ ಬಂದಾಕಿ ಅಲ್ಲ ನಾ, ಅಂಜಬ್ಯಾಡ್ರಿ.”

ಅಂಜಬ್ಯಾಡ್ರಿ ಎಂದು ಅವಳು ಹೇಳಿದ್ದು ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಾನು ಅಂಜುತ್ತಿರುವುದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಅವನು ಮತ್ತೆ ಯಂತ್ರದ ಬಳಿ ಹೋದ. ಈ ಸಲ ಮುದುಕಮ್ಮನನ್ನಷ್ಟೇ ಮುಚ್ಚಿದ. ಹೊರಬಂದ ಹಾಳೆಯಲ್ಲಿ ಬೀರಣ್ಣನಿದ್ದ, ಸತ್ತ ಕುರಿಯಿತ್ತು, ಹಗಲಿನ ಬೆಳಕಿತ್ತು. ನಿಯಮದಲ್ಲಿ ಹೇಳಿದ ಮೂರೂ ಒಂದೇ ಫೋಟೋದಲ್ಲಿ. ಎರಡು ವರ್ಷದ ಹಿಂದೆ ಬೀರಣ್ಣನ ಕಡತದಲ್ಲಿ ಇಲ್ಲವೆಂದು ತಾನು ಬರೆದ ಫೋಟೋ ಈಗ ಯಂತ್ರದಿಂದ ಬೆಚ್ಚಗೆ ಹೊರಬಂದು ಅವನ ಕೈಯಲ್ಲಿತ್ತು. ನಲವತ್ತೆರಡು ಜನರಲ್ಲಿ ತನ್ನದೇ ಕುರಿಯ ಜೊತೆ ತಾನೇ ಇದ್ದವನು ಇವನೊಬ್ಬ, ತಿರಸ್ಕಾರವಾದದ್ದೂ ಇವನೊಬ್ಬನದೇ. ಮೂಲಪ್ರತಿಯಂತಿದೆ ಎಂಬ ಮೊಹರು ಒತ್ತಬೇಕಾಗಿತ್ತು. ಮೂಲಪ್ರತಿಯಂತೆ ಅದು ಇರಲಿಲ್ಲ, ಒಬ್ಬ ಮುದುಕಿ ಕಡಿಮೆ ಇದ್ದಳು. ಆದರೂ ಅವನು ಇಷ್ಟು ವರ್ಷ ಒತ್ತಿದ ಮೊಹರುಗಳಲ್ಲಿ ಇದರಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ. ಒತ್ತಿದ. ಸಹಿ ಮಾಡಿದ. ತಾರೀಖು ಹಾಕಿದ. ಟೈಪಾದ ಉತ್ತರವನ್ನು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡ.

ಭಾರತಿ ತಾಯಿಯ ಭುಜದ ಮೇಲಿಂದ ನೋಡುತ್ತಿದ್ದಳು. “ಸರ್, ಅಪ್ಪನ ಅರ್ಜಿ ಯಾಕ ಹೋತ್ರಿ? ಬರ್ತದ ಬರ್ತದ ಅಂದ, ಬರಲೇ ಇಲ್ಲ.”

“ಫೋಟೋ ಇದ್ದಿಲ್ಲವ್ವ ಅದರಾಗ.”

“ಇದು?” ಹುಡುಗಿ ಹಾಳೆಯ ಮೇಲೆ, ಅವನ ಸಹಿಯ ಪಕ್ಕದಲ್ಲಿ ಬೆರಳಿಟ್ಟಳು. ಶಾಯಿ ಇನ್ನೂ ಆರಿರಲಿಲ್ಲ, ಅವಳ ಬೆರಳಿಗೆ ಹತ್ತಿತು.

ಹೊರಗೆ ಬಸ್‌ಸ್ಟ್ಯಾಂಡಿನ ಕಡೆ ಕಂಡಕ್ಟರೊಬ್ಬ ಗೋಗಿ ಗೋಗಿ ಎಂದು ಕೂಗುತ್ತಿದ್ದ. ಈ ಹುಡುಗಿಗೆ ಈಗ ಏನು ಹೇಳಬೇಕೆಂದು ಬಸವಂತ್ರಾಯರಿಗೆ ಗೊತ್ತಿರುತ್ತಿತ್ತು. ಹೊಸ ಅರ್ಜಿ ಹಾಕು, ಮೂವತ್ತು ದಿನ ಆಗಲಿ, ಆಗ ನೋಡೋಣ. ಶ್ರೀಮಂತ ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದೆ ಸರಿಸಿದ. ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ.

“ಬರಿ. ನಾ ಹೇಳ್ತೀನಿ.”

“ಯಾರಿಗಂತ ಬರೀಲ್ರಿ?”

“ನನಗ. ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅಂತ. ಹೂಂ. ಒಂದು, ಬೀರಣ್ಣ ಇವರ ಅರ್ಜಿ ತಿರಸ್ಕರಿಸಿದವರ ಹೆಸರು. ಎರಡು, ಸದರಿಯವರ ಫೋಟೋ ತೆಗೆಯದೆ ಇರಲು ಕಾರಣ ಯಾರು. ಮೂರು, ಇದನ್ನು ಸರಿಪಡಿಸಲು ಏನು ಕ್ರಮ ಕೈಗೊಂಡೀರಿ. ಅಷ್ಟ ಸಾಕು. ಊರಿನ ಸುದ್ದಿ ಹಾಕಬ್ಯಾಡ, ನಿಮ್ಮದಷ್ಟ ಕೇಳ್ರಿ.”

ಹೇಳುತ್ತ ಹೇಳುತ್ತ ಅವನಿಗೆ ತನ್ನ ಉತ್ತರವೂ ಬಾಯಿಗೆ ಬರುತ್ತಿತ್ತು. ಒಂದಕ್ಕೆ ತನ್ನ ಹೆಸರು. ಎರಡಕ್ಕೂ ಅದೇ. ಮೂರಕ್ಕೆ ಇನ್ನೂ ಏನೂ ಇಲ್ಲ, ಅದನ್ನು ಮೂವತ್ತು ದಿನದಲ್ಲಿ ಹುಟ್ಟಿಸಬೇಕು. ಈ ಫೋಟೋ ಯಾವ ಕಡತದ್ದೆಂದು ಮೇಲಿನವರು ಕೇಳಬಹುದು. ಕೇಳಲಿ. ಕುರಿಯ ಗುರುತು ಕಿವಿಯಲ್ಲಿದೆ, ಕಿವಿಯ ಮೇಲೆ ಬೀರಣ್ಣನ ಅಂಗೈ ಇದೆ, ಸತ್ತವನ ಅಂಗೈಯನ್ನು ಯಾವ ಅಧಿಕಾರಿಯೂ ಸರಿಸಲಾರ. ಊರಿನ ಮರಿಗಳನ್ನು ಅದು ಇನ್ನೂ ಕಾಯುತ್ತಿದೆ. ಹೋದರೆ ತನ್ನದೊಂದು ಹೋದೀತು. ಹೆದರಿಕೆ ಹೋಗಿರಲಿಲ್ಲ, ಆದರೆ ಬೆಳಗಿನಿಂದ ಬೇರೆಯವರದ್ದೆನಿಸುತ್ತಿದ್ದ ಕೈ ಈಗ ತನ್ನದೇ ಎನಿಸಿತು. ರೇವತಿಗೆ ಇದನ್ನು ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಶಂಕ್ರಮ್ಮ ಇನ್ನೂ ಫೋಟೋವನ್ನೇ ನೋಡುತ್ತಿದ್ದಳು. “ಇದನ್ನೂ ಬರಿಯವ್ವ,” ಎಂದಳು ಮಗಳಿಗೆ. “ಯಾರನ್ನ ನೋಡಿ ಇಷ್ಟ ನಗಾಕತ್ತಾನ ಅಂತ. ಮನ್ಯಾಗ ಯಾವತ್ತೂ ಹಿಂಗ ನಕ್ಕಿಲ್ಲ.”

ಭಾರತಿ ಶ್ರೀಮಂತನ ಮುಖ ನೋಡಿದಳು. ದಾಖಲೆಯಲ್ಲಿ ಇಲ್ಲದ್ದನ್ನು ಕೇಳಲು ಬರುವುದಿಲ್ಲವೆಂದು ಅವನು ಈ ಮೇಜಿನ ಹಿಂದಿನಿಂದ ನೂರು ಸಲ ಹೇಳಿದ್ದ.

“ಅದಕ್ಕ ಮೂವತ್ತು ದಿನ ಬ್ಯಾಡ,” ಎಂದ. “ನನ್ನ ನೋಡಿ ನಕ್ಕಾನ.”

“ನಿಮ್ಮನ್ನ?”

“ಮುದುಕಮ್ಮಗ ದುಃಖ ಬರಲಿಲ್ಲ. ಸತ್ತ ಕುರಿ ಮುಂದ ನಗು ಮಾರಿ ಮಾಡ್ಕೊಂಡು ನಿಂತಿದ್ಲು. ಹಂಗಿದ್ರ ಫೋಟೋ ಪಾಸ್ ಆಗಂಗಿಲ್ಲ, ಸ್ವಲ್ಪ ಅಳೋ ಮಾರಿ ಮಾಡು ಅಂದೆ. ಹ್ಯಾಂಗ ಮಾಡ್ಲಿ ಅಂದ್ಲು. ನಾನ ಸಗಣ್ಯಾಗ ಮಣಕಾಲು ಊರಿ, ಅಳೋದು ಹ್ಯಾಂಗಂತ ಮಾಡಿ ತೋರಿಸಿದೆ. ಅದನ್ನ ನೋಡಿ ಅಂವ ಬಿದ್ದು ಬಿದ್ದು ನಕ್ಕ, ನಗಕೋತ ಫೋಟೋದಾಗ ಬಂದ್ಬಿಟ್ಟ.”

ಶಂಕ್ರಮ್ಮ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬುದಷ್ಟೇ ಇತ್ತು, ಅದಕ್ಕಾಗಿಯೇ ಅವಳು ಗೋಗಿಯ ಆಚೆಯಿಂದ ಬಂದಿದ್ದಳು.

“ಹ್ಯಾಂಗ ಮಾಡಿದ್ರಿ? ಮಾಡಿ ತೋರಿಸ್ರಿ.”

ಶ್ರೀಮಂತ ಆ ಮುಖವನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದ. ಹುಬ್ಬು ಗಂಟು ಹಾಕಿದ್ದನೇ, ತುಟಿ ಕೆಳಗೆ ಎಳೆದಿದ್ದನೇ, ಏನೂ ನೆನಪಾಗಲಿಲ್ಲ. ಆಮೇಲೆ ನೆನಪು ಮಾಡಿಕೊಳ್ಳುವ ಅಗತ್ಯವೂ ಬೀಳಲಿಲ್ಲ, ಮುಖ ತಾನಾಗಿಯೇ ಹಾಗಾಗಿತ್ತು. ಕಣ್ಣಿಂದ ಇಳಿದ ನೀರು ಬೆಳಿಗ್ಗೆ ಅವಸರದಲ್ಲಿ ಅಲ್ಲಲ್ಲಿ ಬೋಳಿಸಿದ ಗಲ್ಲದ ಕೂದಲಲ್ಲಿ ಸಿಕ್ಕಿಕೊಂಡಿತು. ಭಾರತಿ ಬರೆಯುವುದನ್ನು ನಿಲ್ಲಿಸಿದಳು.

ಶಂಕ್ರಮ್ಮ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಫೋಟೋ ನೋಡಿದಳು.

“ಹೌದ ಬಿಡು, ನಗು ಬರೋ ಮಾರಿನ ಐತಿ,” ಎಂದಳು ಫೋಟೋದೊಳಗಿನ ಗಂಡನಿಗೆ. ಅವನನ್ನೂ ಕುರಿಯನ್ನೂ ಎರಡು ರಟ್ಟಿನ ನಡುವೆ ಇಟ್ಟು ದಾರ ಸುತ್ತತೊಡಗಿದಳು.